ಠಾಣೆಯ ಹೊಸ್ತಿಲು, ದೇಶದ ಭದ್ರತೆ



ಮೈಸೂರು ಜಿಲ್ಲೆಯ ನಮ್ಮ ಸರಗೂರಿನ ಪಕ್ಕದಲ್ಲಿ ಹರಿಯುವ ಹೊಳೆಗೆ ಕಪಿಲೆ ಅನ್ನುತ್ತೇವೆ, ಕಬಿನಿ ಅಂತಲೂ ಅನ್ನುತ್ತೇವೆ. ವಯನಾಡಿನ ಬೆಟ್ಟಗಳಲ್ಲಿ ಹುಟ್ಟಿ, ಬೀಚನಹಳ್ಳಿಯ ಕಟ್ಟೆಯಲ್ಲಿ ಒಂದಷ್ಟು ಕಾಲ ನಿಂತು, ನಮ್ಮ ಗದ್ದೆಗಳನ್ನು ತೋಯಿಸಿಕೊಂಡು ನಂಜನಗೂಡಿನ ಕಡೆ ಹೋಗುವ ಹೊಳೆ ಅದು. ಈ ಹೊಳೆಯ ಹೆಸರನ್ನೇ ಬಂದೂಕು ಹಿಡಿದ ಒಂದು ಗುಂಪು ತನಗೆ ಇಟ್ಟುಕೊಂಡಿತ್ತು. ಮಾವೋವಾದಿಗಳ ಪಶ್ಚಿಮ ಘಟ್ಟದ ತುಕಡಿಗಳಲ್ಲಿ ಒಂದರ ಹೆಸರು ಕಬಿನಿ ದಳ. ಕರ್ನಾಟಕ, ಕೇರಳ, ತಮಿಳುನಾಡು ಮೂರೂ ಬಂದು ಸೇರುವ ಕಾಡಿನ ಈ ಮೂಲೆಯಲ್ಲಿ ಅದರ ಓಡಾಟವಿತ್ತು.

2021ರ ನವೆಂಬರಿನಲ್ಲಿ ಕೇರಳದ ಪೊಲೀಸರು ವಯನಾಡಿನಲ್ಲಿ ಬಿ.ಜಿ. ಕೃಷ್ಣಮೂರ್ತಿ ಮತ್ತು ಸಾವಿತ್ರಿ ಎಂಬಿಬ್ಬರು ಮಾವೋವಾದಿಗಳನ್ನು ಹಿಡಿದರು. ಇಬ್ಬರೂ ನಮ್ಮ ಮಲೆನಾಡಿನವರೇ. 2023ರ ನವೆಂಬರಿನಲ್ಲಿ ವಯನಾಡಿನ ಪೇರಿಯಾದಲ್ಲಿ ಗುಂಡಿನ ಚಕಮಕಿಯಾಗಿ ಇನ್ನಿಬ್ಬರು ಸಿಕ್ಕಿದರು. 2024ರ ನವೆಂಬರ್ 18ರ ರಾತ್ರಿ ಹೆಬ್ರಿ ಸಮೀಪದ ಪೀತಬೈಲಿನಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡ ನಕ್ಸಲ್ ನಿಗ್ರಹ ಪಡೆಯ ಗುಂಡಿಗೆ ಸತ್ತರು. ಅದಾಗಿ ಎರಡು ತಿಂಗಳು ತುಂಬುವ ಮೊದಲೇ, 2025ರ ಜನವರಿ 8ರಂದು, ಆರು ಮಂದಿ ಮಾವೋವಾದಿಗಳು ಬೆಂಗಳೂರಿಗೆ ಬಂದು ಮುಖ್ಯಮಂತ್ರಿಗಳ ಮುಂದೆ ಶರಣಾದರು. ನಾಲ್ವರು ಕರ್ನಾಟಕದವರು, ಒಬ್ಬರು ವಯನಾಡಿನವರು, ಒಬ್ಬರು ತಮಿಳುನಾಡಿನವರು. ಫೆಬ್ರುವರಿಯ ಮೊದಲಲ್ಲೇ ಇನ್ನಿಬ್ಬರು ಬಂದರು. ಕರ್ನಾಟಕ ನಕ್ಸಲ್ ಮುಕ್ತವಾಯಿತೆಂದು ಸರ್ಕಾರ ಹೇಳಿತು.

ದೇಶದ ಭದ್ರತೆ ಎಂದಾಗ ನಮ್ಮ ಮನಸ್ಸು ಲಡಾಖಿಗೋ ಪಂಜಾಬಿಗೋ ಹೋಗುತ್ತದೆ. ಸೇನೆ, ಕ್ಷಿಪಣಿ, ಮುಳ್ಳುತಂತಿ ನೆನಪಾಗುತ್ತವೆ. ಆದರೆ ದೇಶದೊಳಗೆ ಹುಟ್ಟುವ ಅಭದ್ರತೆಯನ್ನು ಮೊದಲು ಎದುರುಗೊಳ್ಳುವುದು ಖಾಕಿ ತೊಟ್ಟ ಪೇದೆ. ನಮ್ಮ ಸಂವಿಧಾನದಲ್ಲಿ ಪೊಲೀಸ್ ಇಲಾಖೆ ರಾಜ್ಯದ ಪಟ್ಟಿಯಲ್ಲಿದೆ. ಒಳಗಿನ ಗಲಭೆಯಿಂದ ರಾಜ್ಯಗಳನ್ನು ಕಾಪಾಡುವ ಹೊಣೆಯನ್ನು 355ನೇ ವಿಧಿ ಕೇಂದ್ರಕ್ಕೆ ಕೊಟ್ಟಿದ್ದರೂ, ಆ ಗಲಭೆಯ ಮೊದಲ ಸುಳಿವು ಸಿಗಬೇಕಾದ್ದು ಸರಗೂರಿನಂಥ, ಅಂತರಸಂತೆಯಂಥ ಠಾಣೆಗೆ. 2008ರಲ್ಲಿ ಮುಂಬೈ ದಾಳಿಯಾದ ಮೇಲೆ ಅದೇ ವರ್ಷದ ಕೊನೆಯಲ್ಲಿ ರಾಷ್ಟ್ರೀಯ ತನಿಖಾ ದಳ, ಅಂದರೆ ಎನ್‌ಐಎ, ಹುಟ್ಟಿತು. ಅದು ದೊಡ್ಡ ಪ್ರಕರಣಗಳ ತನಿಖೆ ಮಾಡುತ್ತದೆ, ಅದರ ಕೆಲಸ ಅಗತ್ಯವಾದದ್ದೇ. ಆದರೆ ಎನ್‌ಐಎಗೆ ಬೀಟ್, ಅಂದರೆ ದಿನಾ ಸುತ್ತಿ ಬರುವ ಸೀಮೆ, ಇಲ್ಲ. ಯಾವ ಆದಿವಾಸಿ ಹಾಡಿಗೆ ನಿನ್ನೆ ಹೊಸಬರು ಬಂದರು, ಯಾವ ಬೀದಿಯ ಬಾಡಿಗೆ ಕೋಣೆಯಲ್ಲಿ ಕಿಟಕಿ ತೆರೆಯುವುದೇ ಇಲ್ಲ ಎಂಬುದು ಬೀಟಿನ ಪೇದೆಗೆ ಗೊತ್ತಾಗಬೇಕು. ಅವನಿಗೆ ಗೊತ್ತಾಗಬೇಕಾದರೆ ಯಾರಾದರೂ ಹೇಳಬೇಕು. ಹೇಳಬೇಕಾದರೆ ಅವನ ಮೇಲೆ ಭರವಸೆ ಇರಬೇಕು. ನನ್ನ ಇವತ್ತಿನ ಮಾತೆಲ್ಲ ಈ ಭರವಸೆಯ ಸುತ್ತಲೇ.

ಮೈಸೂರಿನ ಜನಕ್ಕೆ 2022ರ ನವೆಂಬರ್ ಇನ್ನೂ ಮರೆತಿರಲಾರದು. ಮಂಗಳೂರಿನಲ್ಲಿ ಆಟೊದೊಳಗೆ ಕುಕ್ಕರ್ ಸಿಡಿಯಿತು. ಜಾಡು ಹಿಡಿದು ಹೊರಟ ಪೊಲೀಸರು ಬಂದು ನಿಂತದ್ದು ಮೈಸೂರಿನ ಲೋಕನಾಯಕ ನಗರದ ಒಂದು ಸಣ್ಣ ಬಾಡಿಗೆ ಕೋಣೆಯ ಮುಂದೆ. ಬೇರೆ ಯಾರದೋ ಕಳೆದುಹೋದ ಆಧಾರ್ ಕಾರ್ಡನ್ನು ತೋರಿಸಿ ಆರೋಪಿ ಅಲ್ಲಿ ಉಳಿದಿದ್ದ, ಮೊಬೈಲ್ ರಿಪೇರಿ ಕಲಿಯುತ್ತಿದ್ದ. ಬಾಡಿಗೆ ಕೊಟ್ಟ ಮನೆಯವರಿಗೆ ಏನೂ ಗೊತ್ತಿರಲಿಲ್ಲ. ಬಾಡಿಗೆದಾರರ ವಿವರವನ್ನು ಠಾಣೆಗೆ ಕೊಡಿ ಎಂದು ಪೊಲೀಸರು ಎಷ್ಟು ವರ್ಷದಿಂದ ಹೇಳುತ್ತಿದ್ದಾರೆ! ಜನ ಕೊಡುವುದಿಲ್ಲ. ಸೋಮಾರಿತನ ಒಂದು ಕಾರಣ. ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ಠಾಣೆಯ ಮೆಟ್ಟಿಲು ಹತ್ತುವುದೆಂದರೆ ಮರ್ಯಾದಸ್ಥರಿಗೆ ಹೇಳಿದ್ದಲ್ಲ ಎಂಬ ಭಾವನೆ ನಮ್ಮಲ್ಲಿ ಬೇರುಬಿಟ್ಟಿದೆ.

ಆ ಭಾವನೆ ಸುಮ್ಮನೆ ಬಂದದ್ದಲ್ಲ. ನಮ್ಮ ಕಡೆ ಹಾಡಿಯಿಂದ ಬಂದ ಹಿರಿಯರೊಬ್ಬರು ಠಾಣೆಗೆ ಬರುವುದನ್ನು ನೋಡಬೇಕು. ನೇರವಾಗಿ ಒಳಗೆ ಹೋಗುವುದಿಲ್ಲ. ಕಾಂಪೌಂಡಿನ ಹೊರಗೆ ಮರದ ನೆರಳಲ್ಲಿ ನಿಲ್ಲುತ್ತಾರೆ. ಟವಲನ್ನು ಹೆಗಲಿಂದ ತೆಗೆದು ಕಂಕುಳಲ್ಲಿ ಇಟ್ಟುಕೊಳ್ಳುತ್ತಾರೆ. ಒಳಗೆ ಹೋಗಿ ಬರುವವರ ಮುಖ ನೋಡುತ್ತಾರೆ. ಪರಿಚಯದ ಪಂಚಾಯ್ತಿ ಮೆಂಬರೋ ಟೀ ಅಂಗಡಿಯ ಹುಡುಗನೋ ಸಿಕ್ಕರೆ ಅವರ ಬೆನ್ನ ಹಿಂದೆ ಹೆಜ್ಜೆ ಹಾಕುತ್ತಾರೆ. ಬಾಗಿಲಲ್ಲಿ "ಏನ್ಲಾ, ಯಾಕ್ಲಾ ಬಂದೆ?" ಎಂಬ ಮಾತು ಬಿದ್ದರೆ, ಬಂದ ಕೆಲಸವನ್ನೇ ಮರೆತು "ಏನಿಲ್ಲ ಬುದ್ಧಿ" ಎಂದು ವಾಪಸಾಗುತ್ತಾರೆ. "ಬನ್ನಿ ಅಜ್ಜ, ಕೂತ್ಕೊಳ್ಳಿ, ನೀರು ಕುಡೀತೀರಾ?" ಎಂದರೆ ಮೊದಲು ಎಮ್ಮೆ ಕಳೆದ ಕಥೆ ಬರುತ್ತದೆ, ಆಮೇಲೆ ಮಗನ ಜಗಳ ಬರುತ್ತದೆ, ಕೊನೆಗೆ, ಹೊರಡುವ ಹೊತ್ತಿಗೆ, "ಮೊನ್ನೆ ರಾತ್ರಿ ಹಳ್ಳದ ಹತ್ರ ಯಾರೋ ಬ್ಯಾಟ್ರಿ ಬಿಟ್ಕಂಡು ಓಡಾಡ್ತಿದ್ರು ಬುದ್ಧಿ" ಎಂಬ ಮಾತೂ ಬರುತ್ತದೆ. ಗುಪ್ತಚರ ಮಾಹಿತಿ ಎಂದು ದೊಡ್ಡ ಕಚೇರಿಗಳಲ್ಲಿ ಕರೆಯುವ ವಸ್ತು ಹುಟ್ಟುವುದು ಹೀಗೆ, ಕಥೆಯ ಕೊನೆಯಲ್ಲಿ. ಎಮ್ಮೆಯ ಕಥೆ ಕೇಳಲು ಪುರುಸೊತ್ತಿಲ್ಲದ ಠಾಣೆಗೆ ಅದು ಸಿಗುವುದಿಲ್ಲ.

ಭರವಸೆ ಮುರಿದರೆ ಏನಾಗುತ್ತದೆಂದು ತಿಳಿಯಲು ಮಲೆ ಮಹದೇಶ್ವರ ಬೆಟ್ಟದ ಕಡೆ ನೋಡಬೇಕು. ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾಗುವ ಮೊದಲು ಅದೂ ನಮ್ಮ ಮೈಸೂರು ಜಿಲ್ಲೆಯೇ. ಕಾಡುಗಳ್ಳ ವೀರಪ್ಪನ್ 1991ರ ನವೆಂಬರಿನಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು ಕೊಂದ. ಕಾಡಿನ ಜನರ ನಡುವೆ ದೇವಸ್ಥಾನ ಕಟ್ಟಿಸಿ, ಔಷಧಿ ಹಂಚಿ, ಪ್ರೀತಿ ಗಳಿಸಿದ್ದ ಅಧಿಕಾರಿ ಅವರು. ಶರಣಾಗುತ್ತೇನೆಂದು ನಂಬಿಸಿ ಕರೆಸಿಕೊಂಡು ಕೊಂದ. 1992ರಲ್ಲಿ ರಾಮಾಪುರದ ಪೊಲೀಸ್ ಠಾಣೆಗೆ ನುಗ್ಗಿದ. ಅದೇ ವರ್ಷ ಆಗಸ್ಟ್ 14ರಂದು ಮೀಣ್ಯದ ಬಳಿ ಮೈಸೂರು ಜಿಲ್ಲೆಯ ಎಸ್‌ಪಿ ಹರಿಕೃಷ್ಣ ಮತ್ತು ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹಮದ್ ಅವರನ್ನು ಬಲಿ ತೆಗೆದುಕೊಂಡ. ಸ್ವಾತಂತ್ರ್ಯ ದಿನದ ಹಿಂದಿನ ದಿನ ಅದು. 1993ರ ಏಪ್ರಿಲಿನಲ್ಲಿ ಪಾಲಾರ್ ಬಳಿ ನೆಲಬಾಂಬು ಸಿಡಿದು 22 ಮಂದಿ ಸತ್ತರು. ಪೊಲೀಸರು ತೆತ್ತ ಬೆಲೆಯನ್ನು ಯಾರೂ ಕಡಿಮೆ ಮಾಡಿ ಹೇಳಬಾರದು. ಅಕ್ಟೋಬರ್ 21ರ ಪೊಲೀಸ್ ಹುತಾತ್ಮರ ದಿನದಂದು ಹೆಸರು ಹಿಡಿದು ನೆನೆಯಬೇಕಾದವರು ಇವರು. ಆ ದಿನವೂ ಬಂದದ್ದು 1959ರಲ್ಲಿ ಲಡಾಖಿನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಚೀನಾದ ಸೈನಿಕರ ಗುಂಡಿಗೆ ಬಿದ್ದ ಹತ್ತು ಮಂದಿ ಪೊಲೀಸರ ನೆನಪಿಗೆ. ಸೈನಿಕರು ನಿಲ್ಲುವ ಮೊದಲು ಆ ಗಡಿಯಲ್ಲಿ ನಿಂತಿದ್ದವರು ಪೊಲೀಸರು.

ಆದರೆ ಬೆಟ್ಟದ ಜನ ಇನ್ನೊಂದು ಬೆಲೆ ತೆತ್ತರು. ವೀರಪ್ಪನ್‌ಗಾಗಿ ಹುಡುಕುತ್ತಿದ್ದ ಎರಡು ರಾಜ್ಯಗಳ ವಿಶೇಷ ಕಾರ್ಯಪಡೆಗಳು ಸೋಲಿಗ ಆದಿವಾಸಿಗಳನ್ನೂ ಹಳ್ಳಿಯ ಬಡವರನ್ನೂ ಅನುಮಾನದ ಮೇಲೆ ಎಳೆದೊಯ್ದವು. ಬೆಟ್ಟದ ಮೇಲಿದ್ದ ಒಂದು ವಿಚಾರಣಾ ಜಾಗಕ್ಕೆ ವರ್ಕ್‌ಶಾಪ್ ಎಂದು ಹೆಸರು ಬಿದ್ದಿತ್ತು. ಅಲ್ಲಿ ಕರೆಂಟ್ ಶಾಕ್ ತಿಂದವರು, ಕೈಕಾಲಿಗೆ ಬಲವಿಲ್ಲದಂತಾದವರು, ಮಾನ ಕಳೆದುಕೊಂಡ ಹೆಂಗಸರು ಆಮೇಲೆ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿಯ ಮುಂದೆ ಬಂದು ಹೇಳಿಕೊಂಡರು. ಆ ಸಮಿತಿಯನ್ನು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನೇಮಿಸಿತ್ತು. 2007ರಲ್ಲಿ ಆಯೋಗ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡಿಸಿತು. ಭಯೋತ್ಪಾದನೆ ತಡೆಗೆಂದು ಬಂದಿದ್ದ ಟಾಡಾ ಕಾಯ್ದೆಯ ಕೆಳಗೆ ನೂರಕ್ಕೂ ಹೆಚ್ಚು ಜನ ಮೈಸೂರಿನ ಸೆರೆಮನೆಯಲ್ಲಿ ವರ್ಷಗಟ್ಟಲೆ ಕೊಳೆತರು. 2001ರಲ್ಲಿ ಮೈಸೂರಿನ ವಿಶೇಷ ನ್ಯಾಯಾಲಯ ತೀರ್ಪು ಕೊಟ್ಟಾಗ ಅವರಲ್ಲಿ ಬಹುಪಾಲು ಮಂದಿ ನಿರಪರಾಧಿಗಳೆಂದು ಹೊರಬಂದರು. ಅಷ್ಟರಲ್ಲಿ ಹೊಲ ಪಾಳುಬಿದ್ದಿತ್ತು, ಮಕ್ಕಳು ಅಪ್ಪನ ಮುಖ ಮರೆತಿದ್ದರು.

ಇಷ್ಟೆಲ್ಲ ಮಾಡಿ ಏನು ಸಿಕ್ಕಿತು? 2000ದ ಜುಲೈ 30ರ ರಾತ್ರಿ ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅವರನ್ನು ವೀರಪ್ಪನ್ ಎತ್ತಿಕೊಂಡು ಹೋದ; ಕರ್ನಾಟಕ 108 ದಿನ ಉಸಿರು ಬಿಗಿಹಿಡಿದು ಕೂತಿತು. 2002ರಲ್ಲಿ ಮಾಜಿ ಸಚಿವ ನಾಗಪ್ಪ ಅವರನ್ನು ಕಾಮಗೆರೆಯಿಂದ ಒಯ್ದ. ಅವರು ಜೀವಂತ ಮರಳಲಿಲ್ಲ. ಅವನು ಸತ್ತದ್ದು 2004ರ ಅಕ್ಟೋಬರ್ 18ರಂದು, ಧರ್ಮಪುರಿಯ ಬಳಿ. ವರ್ಕ್‌ಶಾಪಿನಲ್ಲಿ ಜನರನ್ನು ಜಜ್ಜಿದ್ದರಿಂದ ಅವನು ಸಿಗಲಿಲ್ಲ. ತಮಿಳುನಾಡಿನ ಪೊಲೀಸರು ಅವನ ಗುಂಪಿನೊಳಗೆ ತಮ್ಮವರನ್ನು ಸೇರಿಸಿ, ಕಾಡಿನಿಂದ ಹೊರಗೆ ಬರುವಂತೆ ಮಾಡಿದ್ದರಿಂದ ಸಿಕ್ಕಿದ. ತಾಳ್ಮೆಯ ಕೆಲಸ ಅದು. ಪೆಟ್ಟು ತಿಂದ ಹಳ್ಳಿ ಬಾಯಿ ಮುಚ್ಚಿಕೊಳ್ಳುತ್ತದೆ. ಮುಚ್ಚಿದ ಬಾಯಿಯೇ ಕಾಡುಗಳ್ಳನಿಗೂ ಬಂದೂಕಿನ ದಳಕ್ಕೂ ಬೇಕಾದ ಆಸರೆ.

ನಕ್ಸಲ್ ಪ್ರಕರಣಗಳಲ್ಲೂ ಇದೇ ಪಾಠ ಕಾಣುತ್ತದೆ. ಮೈಸೂರಿನಲ್ಲಿ ಓದಿದ ನಕ್ಸಲ್ ನಾಯಕ ಸಾಕೇತ್ ರಾಜನ್ 2005ರ ಫೆಬ್ರುವರಿಯಲ್ಲಿ ಚಿಕ್ಕಮಗಳೂರು ಜಿಲ್ಲೆಯ ಕಾಡಿನಲ್ಲಿ ಪೊಲೀಸರ ಗುಂಡಿಗೆ ಸತ್ತರು. ಕೆಲವೇ ದಿನಗಳಲ್ಲಿ ಪಾವಗಡದ ವೆಂಕಟಮ್ಮನಹಳ್ಳಿಯಲ್ಲಿ ಮಲಗಿದ್ದ ಕೆಎಸ್‌ಆರ್‌ಪಿ ಪೊಲೀಸರ ಮೇಲೆ ದಾಳಿಯಾಯಿತು. ಸತ್ತ ಪೇದೆಗಳೂ ಬಡವರ ಮಕ್ಕಳೇ. 2012ರಲ್ಲಿ ಬೆಳ್ತಂಗಡಿ ಕಡೆಯ ವಿಠಲ ಮಲೆಕುಡಿಯ ಎಂಬ ಪತ್ರಿಕೋದ್ಯಮ ವಿದ್ಯಾರ್ಥಿಯನ್ನೂ ಅವರ ತಂದೆಯನ್ನೂ ಯುಎಪಿಎ ಕಾಯ್ದೆಯಡಿ ಬಂಧಿಸಲಾಯಿತು. ಮನೆಯಲ್ಲಿ ಸಿಕ್ಕ ವಸ್ತುಗಳ ಪಟ್ಟಿಯಲ್ಲಿ ಭಗತ್ ಸಿಂಗ್ ಬಗೆಗಿನ ಪುಸ್ತಕವೂ ಇತ್ತು, ಪತ್ರಿಕೆಯ ತುಣುಕುಗಳೂ ಇದ್ದವು. 2021ರ ಅಕ್ಟೋಬರಿನಲ್ಲಿ ಮಂಗಳೂರಿನ ನ್ಯಾಯಾಲಯ ಇಬ್ಬರನ್ನೂ ಬಿಡುಗಡೆ ಮಾಡಿತು. ಒಂಬತ್ತು ವರ್ಷ! ಕುದುರೆಮುಖದ ಕಾಡಿನ ಈ ಒಂದು ಮನೆಗೆ ಸರ್ಕಾರ ಇಷ್ಟು ಕಷ್ಟ ಕೊಟ್ಟರೆ, ಪಕ್ಕದ ಮನೆಯವರು ಸರ್ಕಾರವನ್ನು ಯಾವ ಕಣ್ಣಿನಿಂದ ನೋಡಬೇಕು?

ಹಾಗಾಗಿ 2025ರ ಜನವರಿಯ ಶರಣಾಗತಿಗೆ ನಾನು ತುಂಬ ಬೆಲೆ ಕೊಡುತ್ತೇನೆ. ಅಲ್ಲಿ ಪೊಲೀಸರ ಜೊತೆಗೆ ಶಾಂತಿಗಾಗಿ ದುಡಿದ ನಾಗರಿಕರಿದ್ದರು, ಸರ್ಕಾರವೇ ನೇಮಿಸಿದ ಪುನರ್ವಸತಿ ಸಮಿತಿಯಿತ್ತು, ಮಾತುಕತೆಯಿತ್ತು. ಹಲವು ವರ್ಷ ಕೂಂಬಿಂಗ್ ಮಾಡಿದ ಪಡೆಯ ಒತ್ತಡವೂ ಇತ್ತು, ಅದನ್ನು ಮರೆಮಾಚಬೇಕಿಲ್ಲ. ಒತ್ತಡದ ಜೊತೆಗೆ ಒಂದು ಬಾಗಿಲು ತೆರೆದಿದ್ದರಿಂದ ಜನ ಹೊರಗೆ ಬಂದರು. ವಿಕ್ರಂ ಗೌಡರ ಸಾವಿನ ಬಗ್ಗೆ ತನಿಖೆಯಾಗಬೇಕು, ಆದಿವಾಸಿಗಳ ಭೂಮಿಯ ಪ್ರಶ್ನೆ ಬಗೆಹರಿಯಬೇಕು ಎಂದು ಶರಣಾದವರು ಕೇಳಿದರು. ಆ ಎರಡನೆಯ ಬೇಡಿಕೆಯನ್ನು ನಮ್ಮ ಎಚ್.ಡಿ. ಕೋಟೆ, ಹುಣಸೂರು ತಾಲ್ಲೂಕುಗಳ ಯಾವ ಹಾಡಿಯ ಜೇನುಕುರುಬರನ್ನು ಕೇಳಿದರೂ ಹೇಳುತ್ತಾರೆ, ಬಂದೂಕಿನ ಸುದ್ದಿಯೇ ಗೊತ್ತಿಲ್ಲದವರೂ ಹೇಳುತ್ತಾರೆ.

ನಾಗರಹೊಳೆಯಿಂದ ಹೊರಬಿದ್ದ ಆದಿವಾಸಿ ಕುಟುಂಬಗಳ ಬಗ್ಗೆ ಪ್ರೊ. ಮುಜಾಫರ್ ಅಸ್ಸಾದಿ ಅವರ ಸಮಿತಿ ಹೈಕೋರ್ಟಿಗೆ ವರದಿ ಕೊಟ್ಟಿತು. 3,418 ಕುಟುಂಬಗಳಿಗೆ ಪುನರ್ವಸತಿ ಆಗಬೇಕೆಂದು ಅದು ಹೇಳಿತು. ಕಬಿನಿ ಕಟ್ಟೆಯ ನೀರು ನಿಂತಾಗಲೂ ಹಳ್ಳಿಗಳು, ಹಾಡಿಗಳು ಮುಳುಗಿವೆ. ಈ ಜನಕ್ಕೆ ಸರ್ಕಾರ ಅಂದರೆ ಮೊದಲು ಕಂಡದ್ದು ಖಾಕಿ: ಒಂದು ಕಡೆ ಅರಣ್ಯ ಇಲಾಖೆಯ ಖಾಕಿ, ಇನ್ನೊಂದು ಕಡೆ ಪೊಲೀಸ್ ಖಾಕಿ. ಎರಡರ ವ್ಯತ್ಯಾಸ ಎಷ್ಟೋ ಸಲ ಅವರಿಗೆ ತಿಳಿಯುವುದಿಲ್ಲ.

ಬೆಟ್ಟದಪುರದ ಪ್ರಕರಣವನ್ನು ಹೇಳದೆ ಮುಂದೆ ಹೋಗಲಾರೆ. ಕುಶಾಲನಗರ ಕಡೆಯ ಒಬ್ಬ ಆದಿವಾಸಿಯ ಹೆಂಡತಿ 2020ರಲ್ಲಿ ಕಾಣೆಯಾದಳು. ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರ ಠಾಣೆಯ ವ್ಯಾಪ್ತಿಯಲ್ಲಿ ಒಂದು ಅಸ್ಥಿಪಂಜರ ಸಿಕ್ಕಿತು. ಅದು ಅವಳದೇ, ಕೊಂದವನು ಗಂಡನೇ ಎಂದು ಕೇಸಾಯಿತು. ಡಿಎನ್‌ಎ ಹೊಂದಲಿಲ್ಲ. ಅವನು ವರ್ಷಕ್ಕೂ ಮೀರಿ ಜೈಲಿನಲ್ಲಿದ್ದ. 2025ರ ಏಪ್ರಿಲಿನಲ್ಲಿ ಆ ಹೆಂಡತಿ ಜೀವಂತವಾಗಿ ಮೈಸೂರಿನ ನ್ಯಾಯಾಲಯದ ಮುಂದೆ ನಿಂತಳು. ನ್ಯಾಯಾಲಯ ಅವನನ್ನು ಬಿಡುಗಡೆ ಮಾಡಿ ಒಂದು ಲಕ್ಷ ರೂಪಾಯಿ ಪರಿಹಾರಕ್ಕೆ ಆದೇಶಿಸಿತು. ಇದು ದೇಶದ ಭದ್ರತೆಯ ಪ್ರಕರಣ ಅಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ನನ್ನ ಮಟ್ಟಿಗೆ ಅದೂ ಅದೇ ಪ್ರಕರಣ. ನಾಳೆ ಕಾಡಂಚಿನಲ್ಲಿ ಅಪರಿಚಿತರನ್ನು ಕಂಡ ಒಬ್ಬ ಹಾಡಿಯ ಮನುಷ್ಯ ಠಾಣೆಗೆ ಹೋಗಿ ಹೇಳುವುದೋ ಬೇಡವೋ ಎಂದು ಯೋಚಿಸುವಾಗ ಅವನ ಕಣ್ಣ ಮುಂದೆ ಬರುವುದು ಈ ಗಂಡಸಿನ ಮುಖ.

ಇನ್ನು ಗಾಳಿಸುದ್ದಿಯ ಅಭದ್ರತೆ. 2012ರ ಆಗಸ್ಟಿನಲ್ಲಿ ಅಸ್ಸಾಮಿನ ಗಲಭೆಯ ಬೆನ್ನಿಗೇ ಮೊಬೈಲಿನಲ್ಲಿ ಸಂದೇಶಗಳು ಹರಿದವು. ರಂಜಾನಿನ ಆಚೆಗೆ ಈಶಾನ್ಯದವರು ಉಳಿಯುವುದಿಲ್ಲ ಎಂಬಂಥ ಬೆದರಿಕೆಯ ಮಾತು. ಬೆಂಗಳೂರಿನ ರೈಲು ನಿಲ್ದಾಣ ಸಾವಿರಾರು ಹುಡುಗ ಹುಡುಗಿಯರಿಂದ ತುಂಬಿಹೋಯಿತು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಒಮ್ಮೆಗೆ ಐದಕ್ಕಿಂತ ಹೆಚ್ಚು ಎಸ್‌ಎಂಎಸ್ ಕಳಿಸದಂತೆ ಕೇಂದ್ರ ಸರ್ಕಾರ ತಡೆ ಹಾಕಿತು. ಆ ದಿನಗಳಲ್ಲೇ ಮೈಸೂರಿನಲ್ಲಿ ಒಬ್ಬ ಟಿಬೆಟಿನ ಯುವಕನಿಗೆ ಚೂರಿ ಇರಿತವಾಯಿತು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ 1961ರಿಂದ ನೆಲೆಸಿರುವ, ಹುಣಸೂರಿನ ಗುರುಪುರದಲ್ಲಿರುವ ಟಿಬೆಟಿನವರಿಗೆ ಆಗ ಆದ ದಿಗಿಲನ್ನು ನೆನೆದರೆ ಸಂಕಟವಾಗುತ್ತದೆ. ಒಂದು ದೇಶ ಕಳೆದುಕೊಂಡು ಬಂದು, ನಮ್ಮ ಜೋಳದ ಹೊಲಗಳ ನಡುವೆ ಬದುಕು ಕಟ್ಟಿಕೊಂಡವರು. ಅವರ ನೋಂದಣಿ ಪುಸ್ತಕ ನವೀಕರಣವಾಗುವುದು ಪೊಲೀಸ್ ಕಚೇರಿಯಲ್ಲಿ. ಅಂದರೆ ಅವರ ಇರುವಿಕೆಗೇ ಪೊಲೀಸರು ಸಾಕ್ಷಿ. ಇಂಥ ಹೊತ್ತಿನಲ್ಲಿ ಬೀದಿಯಲ್ಲಿ ನಡೆದು ಹೋಗಿ, ಅಂಗಡಿಯ ಮುಂದೆ ನಿಂತು, "ಏನೂ ಆಗಲ್ಲ, ನಾವಿದೀವಿ" ಎಂದು ಹೇಳುವ ಒಬ್ಬ ಸಬ್ ಇನ್ಸ್‌ಪೆಕ್ಟರ್ ಮಾಡುವ ಕೆಲಸವನ್ನು ಯಾವ ಕ್ಷಿಪಣಿಯೂ ಮಾಡಲಾರದು. 2018ರ ಮಕ್ಕಳ ಕಳ್ಳರ ವದಂತಿಯ ಕಾಲದಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲೂ ಬೀದರಿನ ಮುರ್ಕಿಯಲ್ಲೂ ಅಮಾಯಕರು ಗುಂಪಿನ ಕೈಯಲ್ಲಿ ಸತ್ತದ್ದು ನಿಮಗೆ ನೆನಪಿರಬಹುದು. ಮುರ್ಕಿಯಲ್ಲಿ ಬಿಡಿಸಲು ಹೋದ ಪೊಲೀಸರಿಗೂ ಏಟು ಬಿದ್ದಿತ್ತು.

ಕಾಡಂಚಿನ ಅಭದ್ರತೆಯೂ ಇದೆ. ಸರಗೂರಿನ ರೈತರನ್ನು ನಿಮಗೆ ಯಾವುದರ ಭಯ ಎಂದು ಕೇಳಿದರೆ ಹುಲಿ ಎನ್ನುತ್ತಾರೆ, ಆನೆ ಎನ್ನುತ್ತಾರೆ. 2025ರ ಅಕ್ಟೋಬರ್, ನವೆಂಬರಿನಲ್ಲಿ ನಮ್ಮ ತಾಲ್ಲೂಕಿನ ಕಾಡಂಚಿನಲ್ಲಿ ಹುಲಿ ದಾಳಿಗೆ ರೈತರು ಬಲಿಯಾದರು. ಬಂಡೀಪುರ, ನಾಗರಹೊಳೆಗಳ ಸಫಾರಿಯನ್ನೇ ನಿಲ್ಲಿಸಬೇಕಾಯಿತು. ಸಿಟ್ಟಿಗೆದ್ದ ಊರಿನವರಿಗೂ ಅರಣ್ಯ ಸಿಬ್ಬಂದಿಗೂ ನಡುವೆ ನಿಲ್ಲುವವರು ಪೊಲೀಸರು. ಕಬಿನಿಯ ನೀರಿನ ಜಗಳದಲ್ಲೂ ಹಾಗೇ. ಒಂದು ಕಡೆ ನ್ಯಾಯಾಲಯದ ಆದೇಶ, ಇನ್ನೊಂದು ಕಡೆ ಒಣಗುವ ಬತ್ತ. 2002ರ ಸೆಪ್ಟೆಂಬರಿನಲ್ಲಿ ತಮಿಳುನಾಡಿಗೆ ನೀರು ಬಿಡುವುದನ್ನು ವಿರೋಧಿಸಿ ರೈತರೊಬ್ಬರು ಕಬಿನಿ ಜಲಾಶಯಕ್ಕೆ ಹಾರಿ ಪ್ರಾಣ ಬಿಟ್ಟರು. ಅಲ್ಲಿ ಕಾವಲಿಗೆ ನಿಂತಿದ್ದವರೂ ಇದೇ ಸೀಮೆಯ ರೈತರ ಮಕ್ಕಳೇ ಇದ್ದಿರಬೇಕು.

ಈ ಪೇದೆಗಳ ಮೇಲೆ ನಾವು ಹೊರಿಸಿರುವ ಭಾರ ಎಷ್ಟು! ದಸರಾ ಬಂದರೆ ತಾಲ್ಲೂಕಿನ ಠಾಣೆಗಳ ಸಿಬ್ಬಂದಿ ಮೈಸೂರಿನ ಬಂದೋಬಸ್ತಿಗೆ. ಮಂತ್ರಿಗಳು ಬಂದರೆ ರಸ್ತೆಯಲ್ಲಿ. ಚುನಾವಣೆ, ಜಾತ್ರೆ, ಗಣೇಶನ ಮೆರವಣಿಗೆ, ಕೋರ್ಟು, ಸಮನ್ಸು. 2017ರಲ್ಲಿ ರಾಜ್ಯದಲ್ಲಿ ಹೊಸ ಬೀಟ್ ವ್ಯವಸ್ಥೆ ಬಂತು. ಠಾಣೆಯ ವ್ಯಾಪ್ತಿಯನ್ನು ಚಿಕ್ಕ ಚಿಕ್ಕ ಬೀಟುಗಳಾಗಿ ಹಂಚಿ, ಒಂದೊಂದನ್ನು ಒಬ್ಬೊಬ್ಬ ಪೇದೆಯ ಹೊಣೆಗೆ ಕೊಟ್ಟು, ಆ ಪ್ರದೇಶದ ನಾಗರಿಕರನ್ನು ಸದಸ್ಯರಾಗಿ ಮಾಡಿಕೊಳ್ಳುವ ಕ್ರಮ. 2025ರಲ್ಲಿ 'ಮನೆ ಮನೆಗೆ ಪೊಲೀಸ್' ಎಂಬ ಕಾರ್ಯಕ್ರಮ ಬಂತು. ಎರಡೂ ಒಳ್ಳೆಯ ಆಲೋಚನೆಗಳು. ಆದರೆ ವಾರದ ಅರ್ಧಕ್ಕರ್ಧ ದಿನ ಬೇರೆಡೆ ಬಂದೋಬಸ್ತಿನಲ್ಲಿ ನಿಂತವನು ಮನೆ ಮನೆಗೆ ಹೋಗುವುದು ಯಾವಾಗ? ಬೀಟಿನಲ್ಲಿ ಒಂದು ವರ್ಷವಾದರೂ ಒಬ್ಬನನ್ನೇ ಉಳಿಸದೆ ಬದಲಾಯಿಸುತ್ತಿದ್ದರೆ ಹಾಡಿಯ ನಾಯಿಗೂ ಅವನ ಗುರುತಾಗುವುದಿಲ್ಲ.

ಸುಪ್ರೀಂ ಕೋರ್ಟು 2006ರ ಸೆಪ್ಟೆಂಬರಿನಲ್ಲಿ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ರಾಜ್ಯಗಳಿಗೆ ಸ್ಪಷ್ಟವಾಗಿ ಹೇಳಿತ್ತು. ಅಧಿಕಾರಿಗಳಿಗೆ ಕನಿಷ್ಠ ಎರಡು ವರ್ಷದ ಅವಧಿ ಕೊಡಿ, ತನಿಖೆ ಮಾಡುವವರನ್ನೂ ಬಂದೋಬಸ್ತು ಮಾಡುವವರನ್ನೂ ಬೇರೆ ಮಾಡಿ, ಪೊಲೀಸರ ಮೇಲಿನ ದೂರು ಕೇಳಲು ಪ್ರಾಧಿಕಾರ ರಚಿಸಿ ಎಂದು. ಕಾಗದದ ಮೇಲೆ ಎಲ್ಲವೂ ಅಲ್ಪಸ್ವಲ್ಪ ಬಂದಿದೆ. ಆದರೆ ಜಿಲ್ಲೆಯಲ್ಲಿ ದೂರು ಪ್ರಾಧಿಕಾರವೊಂದಿದೆ ಎಂದು ನಮ್ಮ ಸಂತೆಗೆ ಬರುವ ಎಷ್ಟು ಮಂದಿಗೆ ಗೊತ್ತು? ಠಾಣೆಯ ಗೋಡೆಯ ಮೇಲೆ, ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಅದರ ವಿಳಾಸ ಬರೆಯಬೇಕು. ಹಾಡಿಯ ಹುಡುಗ ಹುಡುಗಿಯರು ಪೊಲೀಸ್ ನೇಮಕಾತಿಯಲ್ಲಿ ಗೆಲ್ಲುವಂತೆ ತಾಲ್ಲೂಕಿನಲ್ಲೇ ತರಬೇತಿ ಕೊಡಿಸಬೇಕು. ಓಟದಲ್ಲಿ, ಕಾಡಿನ ಜಾಡು ಹಿಡಿಯುವುದರಲ್ಲಿ ಅವರಿಗೆ ಯಾರು ಸಮ? ಜೇನುಕುರುಬರ ಮಾತು ಬಲ್ಲ ಒಬ್ಬಳು ಮಹಿಳಾ ಪೇದೆ ಸರಗೂರು ಠಾಣೆಯಲ್ಲಿದ್ದರೆ, ಹೊರಗೆ ಮರದಡಿ ನಿಲ್ಲುವವರು ಒಳಗೆ ಬರುತ್ತಾರೆ.

ಕೇಳುಗರಾದ ನಮ್ಮ ಪಾಲೂ ಇದೆ. ಬಾಡಿಗೆಗೆ ಮನೆ ಕೊಡುವಾಗ ಗುರುತಿನ ಚೀಟಿಯ ನಕಲನ್ನು ಠಾಣೆಗೆ ಮುಟ್ಟಿಸಿ. ವಾಟ್ಸಾಪಿನಲ್ಲಿ ಬಂದ ಭಯದ ಸುದ್ದಿಯನ್ನು ಇನ್ನೊಬ್ಬರಿಗೆ ದಾಟಿಸುವ ಮೊದಲು 112ಕ್ಕೆ ಕರೆ ಮಾಡಿ ಕೇಳಿ. ಠಾಣೆಯಲ್ಲಿ ನಿಮ್ಮ ದೂರು ಬರೆದುಕೊಳ್ಳದಿದ್ದರೆ, ವಾರಂಟ್ ಇಲ್ಲದೆ ಬಂಧಿಸಬಹುದಾದಂಥ ಅಪರಾಧದ ಮಾಹಿತಿ ಕೊಟ್ಟ ಮೇಲೆ ಎಫ್‌ಐಆರ್ ದಾಖಲಿಸಲೇಬೇಕೆಂದು ಲಲಿತಾ ಕುಮಾರಿ ಪ್ರಕರಣದಲ್ಲಿ 2013ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ ಎಂಬುದನ್ನು ವಿನಯವಾಗಿಯೇ ನೆನಪಿಸಿ.

ಶರಣಾದವರ ಮೇಲಿನ ಮೊಕದ್ದಮೆಗಳು ಒಂದೇ ಸಲಕ್ಕೆ ಮುಗಿಯುವಂಥವಲ್ಲ. ಅವರಿಗೆ ಮಾತು ಕೊಟ್ಟ ಪುನರ್ವಸತಿ ಹೊತ್ತಿಗೆ ಸರಿಯಾಗಿ ಸಿಗಬೇಕು. ಅಸ್ಸಾದಿ ವರದಿಯ ಕುಟುಂಬಗಳಿಗೆ ಭೂಮಿ ಸಿಗಬೇಕು. ಬೀಟಿನ ಪೇದೆಯ ಹೆಸರು ಮತ್ತು ಫೋನ್ ನಂಬರು ಕಬಿನಿ ದಂಡೆಯ ಪ್ರತಿ ಹಾಡಿಯ ಅಂಗನವಾಡಿ ಗೋಡೆಯ ಮೇಲಿರಬೇಕು. ಈ ಮೂರರಲ್ಲಿ ಕೊನೆಯದಕ್ಕೆ ಬೆಂಗಳೂರಿನ ಆದೇಶ ಬೇಕಿಲ್ಲ, ಬಜೆಟ್ಟೂ ಬೇಕಿಲ್ಲ. ಸರಗೂರಿನ ಠಾಣಾಧಿಕಾರಿಗಳು ಮನಸ್ಸು ಮಾಡಿದರೆ ಈ ವಾರವೇ ಆಗುತ್ತದೆ. ಸುಣ್ಣ, ಬಣ್ಣ ನಾವು ಊರಿನವರು ಕೊಡುತ್ತೇವೆ.